ಬಿಲ್ಲಿನ ಮೊತ್ತದಲ್ಲಿ ಜಿಎಸ್‌ಟಿ ಎಷ್ಟು? ನನ್ನ ಲೆಕ್ಕ ಯಾಕೆ ತಾಳೆ ಆಗ್ತಿಲ್ಲ?

ಪ್ರಶ್ನೆ: ಮಿಕ್ಸಿ ತಂದೆ. ತೆರಿಗೆ ಎಲ್ಲ ಸೇರಿ 4,720 ರೂಪಾಯಿ. ಜಿಎಸ್‌ಟಿ ಶೇ. 18. ಹಾಗಾದರೆ 4,720ರ ಶೇ. 18, ಅಂದರೆ 849 ರೂಪಾಯಿ 60 ಪೈಸೆ ತೆರಿಗೆ ಇರಬೇಕು, ಅಲ್ವಾ? ಬಿಲ್ಲಿನಲ್ಲಿ ಮಾತ್ರ ಸಿಜಿಎಸ್‌ಟಿ 360, ಎಸ್‌ಜಿಎಸ್‌ಟಿ 360, ಒಟ್ಟು 720 ಅಂತಿದೆ. ಅಂಗಡಿಯವರು ತಪ್ಪಿದರಾ?

ಉತ್ತರ: ಇಲ್ಲ, ಬಿಲ್ ಸರಿಯಾಗಿದೆ. ಶೇ. 18 ಹಾಕುವುದು ತೆರಿಗೆ ಸೇರುವ ಮೊದಲಿನ ಬೆಲೆಯ ಮೇಲೆ. ನೀವು ತೆರಿಗೆ ಸೇರಿದ ಮೊತ್ತದ ಮೇಲೆ ಹಾಕಿದಿರಿ. ತೆರಿಗೆಗೂ ತೆರಿಗೆ ಕಟ್ಟಿದ ಹಾಗಾಯಿತು. ಅಷ್ಟೊಂದು ಸರ್ಕಾರವೂ ಕೇಳುತ್ತಿಲ್ಲ!

ಆ ಮೊದಲಿನ ಬೆಲೆ ನಮಗೆ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ಶಾಲೆಯಲ್ಲಿ ಎಕ್ಸ್ ಅನ್ನುತ್ತಿದ್ದೆವು. ಎಕ್ಸ್ ಕಂಡರೆ ಈಗಲೂ ಎದೆ ಢವಢವ ಅನ್ನುವವರಿದ್ದಾರೆ, ಹಾಗಾಗಿ ಬೆಲೆಯ 'ಬೆ' ಇಟ್ಟುಕೊಳ್ಳೋಣ. ಇದು ನನ್ನ ತಲೆಹರಟೆ ಏನಲ್ಲ. 12ನೇ ಶತಮಾನದಲ್ಲೇ ಭಾಸ್ಕರಾಚಾರ್ಯರು ಗೊತ್ತಿಲ್ಲದ ಸಂಖ್ಯೆಗಳನ್ನು ಬಣ್ಣಗಳ ಹೆಸರಿನಿಂದ ಕರೆಯುತ್ತಿದ್ದರು. ಕಾಲಕ ಅಂದರೆ ಕಪ್ಪು, ಅದಕ್ಕೆ 'ಕಾ'. ನೀಲಕಕ್ಕೆ 'ನೀ'.

ಈಗ ಮಿಕ್ಸಿಗೆ ಬನ್ನಿ. ಒಂದು ಪೂರ್ತಿ ಬೆ, ಅದರ ಮೇಲೆ 0.18 ಬೆ ತೆರಿಗೆ. ಎರಡೂ ಸೇರಿ 1.18 ಬೆ.

1.18 ಬೆ = 4,720
ಬೆ = 4,720 ÷ 1.18 = 4,000

4,000ದ ಶೇ. 18 ಅಂದರೆ 720. ಕೇಂದ್ರಕ್ಕೆ ಶೇ. 9, ರಾಜ್ಯಕ್ಕೆ ಶೇ. 9 ಹಂಚಿದರೆ ನಿಮ್ಮ ಬಿಲ್ಲಿನ 360, 360 ಬಂತು. ಹೋಟೆಲ್ ಬಿಲ್ಲಿಗೆ ಶೇ. 5 ಇದ್ದರೆ 1.05ರಿಂದ ಭಾಗಿಸಿ. 630 ಕೊಟ್ಟಿದ್ದರೆ ಊಟಕ್ಕೆ 600, ತೆರಿಗೆ 30.

ರಿಯಾಯಿತಿಯಲ್ಲಿ ಕೂಡುವ ಬದಲು ಕಳೆಯಬೇಕು, ಅಷ್ಟೇ. ಆಷಾಢದ ಸೇಲ್‌ನಲ್ಲಿ ಶೇ. 20 ಕಳೆದು ಸೀರೆ 2,400ಕ್ಕೆ ಬಂತು ಅನ್ನಿ. ಉಳಿದದ್ದು 0.80 ಬೆ. 2,400 ÷ 0.80 = 3,000, ಅದೇ ಹಳೇ ಬೆಲೆ. 2,400ಕ್ಕೇ ಶೇ. 20 ಸೇರಿಸಿದರೆ 2,880 ಬಂದು ತಲೆ ಕೆಡುತ್ತದೆ.

'50% + 20%' ಅನ್ನುವ ಬೋರ್ಡ್ ಮಾತ್ರ ನನ್ನನ್ನೂ ಕೆಡವಿದೆ. ಶೇ. 70 ಅಂದುಕೊಂಡು 1,000 ರೂಪಾಯಿಯ ಅಂಗಿಗೆ 300 ಹಿಡಿದು ನಿಂತಿದ್ದೆ. ಕೌಂಟರಿನ ಹುಡುಗ 400 ಅಂದ. ಜಗಳಕ್ಕೇ ಇಳಿದೆ. ಎರಡನೇ ರಿಯಾಯಿತಿ ಅರ್ಧಕ್ಕಿಳಿದ 500ರ ಮೇಲೆ ಸರ್, ಅಂತ ಆತ ಕ್ಯಾಲ್ಕುಲೇಟರ್ ತಿರುಗಿಸಿ ತೋರಿಸಿದ: 1,000 × 0.50 × 0.80. ಹಿಂದೆ ಏಳೆಂಟು ಜನ ಕಾಯುತ್ತಿದ್ದರು. ಸುಮ್ನೆ ಇನ್ನೊಂದು ನೂರು ತೆಗೆದುಕೊಟ್ಟೆ.