ಊರಿಗೆಲ್ಲ ಗೊತ್ತು ಸಾರ್

ಜವಳಿ ಅಂಗಡಿಯ ಹಳೇ ಪ್ಲಾಸ್ಟಿಕ್ ಕವರಿನಲ್ಲಿ ಕಾಗದ ತುಂಬಿಕೊಂಡು ಯಾರಾದರೂ ಆಫೀಸಿನ ಮೆಟ್ಟಿಲು ಹತ್ತಿದರೆ ನನಗೆ ಒಳಗೊಳಗೇ ನಡುಕ ಶುರುವಾಗುತ್ತದೆ. ಅದರಲ್ಲಿ ಏನಿರುತ್ತದೆಂದು ತೆಗೆಯುವ ಮೊದಲೇ ಹೇಳಬಲ್ಲೆ: ಎರಡು ಕಂದಾಯ ರಸೀದಿ, ಮಡಚಿ ಮಡಚಿ ನಾಲ್ಕು ತುಂಡಾದ ಕ್ರಯಪತ್ರ, ಯಾರದೋ ಮದುವೆಯ ಲಗ್ನಪತ್ರಿಕೆ, ಮತ್ತೆ ಮಾಲೀಕರ ಹೆಸರು ಬರುವ ಒಂಬತ್ತನೇ ಕಾಲಂನಲ್ಲಿ ತಾತನ ಹೆಸರಿರುವ ಪಹಣಿ, ಅಂದರೆ ಜಮೀನಿನ ಕಂದಾಯ ದಾಖಲೆ. ತಾತ ತೀರಿಕೊಂಡು ನಲವತ್ತು ವರ್ಷ ಆಗಿರುತ್ತದೆ.

ಕಳೆದ ತಿಂಗಳು ಹಾಗೆ ಬಂದವರು ಬಾಗೇಪಲ್ಲಿ ಕಡೆಯವರು. ಮೂರು ಎಕರೆ ಚಿಲ್ಲರೆ ಜಮೀನು, ಬೋರ್‌ವೆಲ್‌ನಲ್ಲಿ ನೀರಿದೆ, ಪಾಲಿಹೌಸ್ ಹಾಕಿ ಕ್ಯಾಪ್ಸಿಕಂ ಬೆಳೆಯುವ ಯೋಚನೆ. ಬ್ಯಾಂಕಿನವರು ಲೀಗಲ್ ಒಪಿನಿಯನ್‌ಗೆ ನನ್ನ ಹತ್ತಿರ ಕಳಿಸಿದ್ದರು. ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಿಸುವ ಪೌತಿ ಖಾತೆ ಯಾಕೆ ಮಾಡಿಸಿಲ್ಲ ಅಂದೆ. "ಊರಂತಾ ತೆಲುಸು ಸಾರ್" ಅಂದರು, ಆಮೇಲೆ ನನ್ನ ಮುಖ ನೋಡಿ ಕನ್ನಡಕ್ಕೆ ತಿರುಗಿಸಿದರು: "ಊರಿಗೆಲ್ಲ ಗೊತ್ತು, ಜಮೀನು ನಮ್ದೇ ಅಂತ. ಯಾರನ್ನ ಬೇಕಾದ್ರೂ ಕೇಳಿ."

ಚಿಕ್ಕಬಳ್ಳಾಪುರದಲ್ಲಿ ಇಪ್ಪತ್ತಾರು ವರ್ಷದಿಂದ ವಕೀಲಿ ಮಾಡುತ್ತಿದ್ದೇನೆ. ಈ ವಾಕ್ಯವನ್ನು ಎಷ್ಟು ಸಲ ಕೇಳಿದ್ದೇನೋ ದೇವರಿಗೇ ಗೊತ್ತು.

ಅವತ್ತು ಸರ್ವರ್ ಬೇರೆ ನಿಂತಿತ್ತು. ಜಮೀನಿನ ಮೇಲೆ ಸಾಲಸೋಲ ಇದೆಯೇ ಎಂದು ತೋರಿಸುವ ಋಣಭಾರ ಪತ್ರ ಇಳಿಯುವ ತನಕ ಕೂತು ಕಾಯಬೇಕು. ಟೀ ತರಿಸಿದೆ. ಅವರು ಮೊಬೈಲಿನಲ್ಲಿ ನೋಡಿದ ಯಾವುದೋ ವಿಡಿಯೋ ನೆನೆದು ಮಾತು ತೆಗೆದರು. ಬಾಂಬ್ ಬಿದ್ದು ಬೂದಿಯಾಗಿದ್ದ ಜಪಾನಿನವರು ಎಲ್ಲಿಗೆ ಹೋದರು, ನಾವು ಎಲ್ಲಿದ್ದೀವಿ, ನಮ್ಮ ಜನ ಸೋಂಬೇರಿಗಳು ಸಾರ್, ಅದಕ್ಕೇ ದೇಶ ಹಿಂಗೈತೆ. ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಕರೆಂಟ್ ಬಂದರೆ ಟಾರ್ಚ್ ಹಿಡಿದು ಹೋಗಿ ಮೋಟಾರ್ ಹಾಕಿ ಬರುವ ಮನುಷ್ಯ ಹೇಳುತ್ತಿರುವ ಮಾತಿದು! ನನಗೆ ರೇಗಿತು. ಅವರಿಗೆ ಅವತ್ತು ಅರ್ಧಂಬರ್ಧ ಹೇಳಿ ಕಳಿಸಿದ್ದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ನಾನು ಅರ್ಥಶಾಸ್ತ್ರಜ್ಞನಲ್ಲ. ಕಾಗದ ನೋಡಿ ಹೊಟ್ಟೆ ಹೊರೆಯುವವನು. ಆ ಮಟ್ಟಿಗೆ ಓದಿಕೊಳ್ಳಿ.

ಸೋಂಬೇರಿತನದ ವಾದಕ್ಕೆ ಕೊರಿಯಾ ಒಂದೇ ಸಾಕು. ಅದೇ ಜನ, ಅದೇ ಭಾಷೆ, ಅದೇ ಊಟ. ದೇಶ ಎರಡಾದಾಗ ದೊಡ್ಡ ಕಾರ್ಖಾನೆಗಳು, ಜಲವಿದ್ಯುತ್ತು ಹೆಚ್ಚಾಗಿ ಹೋದದ್ದು ಉತ್ತರಕ್ಕೆ. ಇವತ್ತು ದಕ್ಷಿಣದ ತಲಾ ಆದಾಯ 30,000 ಡಾಲರ್ ದಾಟಿದೆ, ಉತ್ತರದವರು ಹೊಟ್ಟೆಗೇ ಪರದಾಡುತ್ತಾರೆ. ಇನ್ನು ನೆಲದೊಳಗಿನ ಸಂಪತ್ತಿನ ಮಾತನ್ನು ನಮ್ಮ ಕಡೆಯವರಿಗೆ ಹೇಳಬೇಕಾಗಿಯೇ ಇಲ್ಲ. ಕೋಲಾರದ ಚಿನ್ನದ ಗಣಿ ಕೆಜಿಎಫ್‌ಗೆ ಶಿವನಸಮುದ್ರದಿಂದ ಕರೆಂಟ್ ಬಂದದ್ದು 1902ರಲ್ಲಿ, ನಮ್ಮ ಹಳ್ಳಿಗಳು ದೀಪದ ಬುಡ್ಡಿ ಉಜ್ಜುತ್ತಿದ್ದಾಗ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಈಗ ಆ ಊರಿನವರು ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ಕೂಲಿಗೆ ಹೋಗುತ್ತಾರೆ. ಜಗತ್ತಿನ ಕೋಬಾಲ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚು ತೆಗೆಯುವ ಕಾಂಗೋ ಜಗತ್ತಿನ ಕಡುಬಡ ದೇಶಗಳಲ್ಲೊಂದು. ಹವೆ, ಮಲೇರಿಯಾ, ಸಮುದ್ರ ದೂರ, ಪರದೇಶದವರ ಲೂಟಿ, ಇವೆಲ್ಲ ಕಾರಣವೇ ಅಲ್ಲ ಎಂದು ನಾನು ಹೇಳಲಾರೆ. ಪಂಡಿತರಲ್ಲೇ ಇನ್ನೂ ಜಗಳ ಮುಗಿದಿಲ್ಲ. ಆದರೆ 2024ರಲ್ಲಿ ಅಸೆಮೊಗ್ಲು, ಜಾನ್ಸನ್, ರಾಬಿನ್ಸನ್ ಎಂಬ ಮೂವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂದದ್ದು ನಾನು ದಿನವೂ ಮೇಜಿನ ಮೇಲೆ ಕಾಣುವ ಸಂಗತಿಗೆ ತೀರಾ ಹತ್ತಿರದ್ದು. ಕಾನೂನು, ಕೋರ್ಟು, ಆಸ್ತಿಯ ಹಕ್ಕು, ಅಧಿಕಾರದಲ್ಲಿರುವವನಿಗೆ ಹಾಕುವ ಮೂಗುದಾರ, ಇವು ಹೇಗೆ ಹುಟ್ಟುತ್ತವೆ, ದೇಶದ ಏಳುಬೀಳನ್ನು ಹೇಗೆ ತೀರ್ಮಾನಿಸುತ್ತವೆ ಎಂಬುದು ಅವರ ಕೆಲಸ.

ಈಗ "ಊರಿಗೆಲ್ಲ ಗೊತ್ತು" ಎನ್ನುವುದಕ್ಕೆ ಬರೋಣ.

ಊರಿಗೆ ಗೊತ್ತಿರುವುದು ನಿಜ, ನಾನು ಒಪ್ಪುತ್ತೇನೆ. ಆದರೆ ದುಡ್ಡು ಊರಲ್ಲಿಲ್ಲ. ಕ್ಯಾಪ್ಸಿಕಂ ಕೊಳ್ಳುವವನು ಊರಲ್ಲಿಲ್ಲ, ಪಾಲಿಹೌಸಿನ ಕಬ್ಬಿಣ ಮಾರುವವನು ಊರಲ್ಲಿಲ್ಲ, ಸಾಲ ಕೊಡುವ ಬ್ಯಾಂಕಿನ ಮ್ಯಾನೇಜರಮ್ಮ ಬಿಹಾರದವರು, ಮೂರು ವರ್ಷಕ್ಕೆ ವರ್ಗವಾಗಿ ಹೋಗುತ್ತಾರೆ. ಅವರು ನಿಮ್ಮೂರಿನ ಅರಳಿಕಟ್ಟೆಗೆ ಬಂದು ಯಾರನ್ನು ಕೇಳಬೇಕು? ಕೇಳಿದರೂ, ಕಟ್ಟೆಯ ಮೇಲೆ ಕೂತವನು ನಾಳೆ ಕೋರ್ಟಿಗೆ ಬಂದು ಅದನ್ನೇ ಹೇಳುತ್ತಾನೆಂದು ಏನು ಖಾತ್ರಿ? ಗುರುತಿಲ್ಲದವನು ನಿಮ್ಮನ್ನು ನಂಬಬೇಕು. ನಿಮ್ಮ ಮುಖ ನೋಡದೆ, ನಿಮ್ಮ ಜಾತಿ ಕೇಳದೆ, ನಿಮ್ಮಪ್ಪನ ಹೆಸರು ಗೊತ್ತಿಲ್ಲದೆ ನಂಬಬೇಕು. ಅದಕ್ಕೆ ಕಾಗದ. ಪೆರುವಿನ ಅರ್ಥಶಾಸ್ತ್ರಜ್ಞ ಹೆರ್ನಾಂಡೋ ಡಿ ಸೋಟೊ ಕಾಗದವಿಲ್ಲದ ಇಂಥ ಆಸ್ತಿಯನ್ನು ಸತ್ತ ಬಂಡವಾಳ ಎಂದು ಕರೆದರು. ಬಡವರಿಗೆ ಆಸ್ತಿಯೇ ಇಲ್ಲವೆಂದಲ್ಲ, ಇರುವ ಆಸ್ತಿ ಊರಾಚೆ ಮಾತಾಡುವುದಿಲ್ಲ.

ಇನ್ನೂ ಅರ್ಥವಾಗದಿದ್ದರೆ ಬಡ್ಡಿಯ ಲೆಕ್ಕ ನೋಡಿ. ಶಿಡ್ಲಘಟ್ಟದಲ್ಲಿ ನನಗೆ ಗೊತ್ತಿರುವ ರೀಲರ್, ಅಂದರೆ ಗೂಡಿನಿಂದ ರೇಷ್ಮೆ ನೂಲು ತೆಗೆಯುವವರು, ಒಬ್ಬರಿದ್ದಾರೆ. ಗೂಡಿನ ಮಾರುಕಟ್ಟೆಯಲ್ಲಿ ಕೈಯಲ್ಲಿ ನಾಲ್ಕು ಗೂಡು ತೆಗೆದುಕೊಂಡು ಕಿವಿ ಹತ್ತಿರ ಅಲ್ಲಾಡಿಸಿ, ಆ ಲಾಟಿನಲ್ಲಿ ನೂಲು ಎಷ್ಟು ಬರುತ್ತದೆಂದು ಹೇಳುವಂಥ ಕಸುಬುದಾರ. ನೂಲು ತೆಗೆಯುವ ಹಳೇ ಕಾಟೇಜ್ ಬೇಸಿನ್ ತೆಗೆದು ಹೊಸ ಮಲ್ಟಿ ಎಂಡ್ ಯಂತ್ರ ಹಾಕಬೇಕು, ಹತ್ತು ಲಕ್ಷ ಬೇಕು. ಮನೆ ಸ್ವಂತದ್ದು. ಆದರೆ ಅವರ ತಂದೆ ಆ ಜಾಗ ಕೊಂಡದ್ದು ಛಾಪಾ ಕಾಗದದ ಮೇಲಿನ ಕರಾರಿನಲ್ಲಿ, ನೋಂದಣಿ ಇಲ್ಲ. ಮಾರಿದವರೂ ಸತ್ತಿದ್ದಾರೆ, ಕೊಂಡವರೂ ಸತ್ತಿದ್ದಾರೆ. ನಾನೇ ಒಪಿನಿಯನ್‌ನಲ್ಲಿ "ಅಡಮಾನಕ್ಕೆ ಯೋಗ್ಯವಲ್ಲ" ಎಂದು ಬರೆದೆ, ಬೇರೆ ದಾರಿಯಿರಲಿಲ್ಲ. ಅವರು ಅದೇ ಬೀದಿಯ ಒಬ್ಬರ ಹತ್ತಿರ ನೂರಕ್ಕೆ ಮೂರರಂತೆ ತಂದರು. ತಿಂಗಳಿಗೆ ಮೂವತ್ತು ಸಾವಿರ, ವರ್ಷಕ್ಕೆ 3,60,000. ಬ್ಯಾಂಕಿನಲ್ಲಿ ನೂರಕ್ಕೆ ವರ್ಷಕ್ಕೆ ಹನ್ನೊಂದು ಅಂತಿಟ್ಟುಕೊಂಡರೂ 1,10,000. ನಡುವಿನ ಎರಡೂವರೆ ಲಕ್ಷ ಏನು? ಗುರುತಿಲ್ಲದವರ ಕಣ್ಣಿಗೆ ಆ ಮನೆ ಕಾಣದೇ ಇರುವುದಕ್ಕೆ ತೆರುವ ದಂಡ. ಯಂತ್ರದ ದುಡಿಮೆಯೆಲ್ಲ ಅಲ್ಲಿಗೇ ಹೋಗುತ್ತಿದೆ, ಅಸಲು ಇದ್ದಲ್ಲೇ ಇದೆ.

ಆ ಬೀದಿಯಲ್ಲಿ ಸಾಲ ಕೊಡುವವನನ್ನು ಬೈಯುವುದು ಸುಲಭ. ಅವನ ಪಾಡೂ ನೋಡಿ. ಅವನು ಚಿಂತಾಮಣಿಯ ರೀಲರ್‌ಗೆ ಕೊಡಲಾರ, ಗುರುತಿಲ್ಲ. ಅವನ ದುಡ್ಡು ಒಂದೇ ಬೀದಿಯಲ್ಲಿ ಸುತ್ತುತ್ತದೆ. ಬೀದಿಗೊಬ್ಬ ಸಾಲ ಕೊಡುವವ, ಬೀದಿಗೊಂದು ಬಡ್ಡಿ, ಬೀದಿಯಷ್ಟೇ ದೊಡ್ಡ ವ್ಯಾಪಾರ. ಇಂಥ ಬೀದಿಗಳನ್ನು ಲಕ್ಷಗಟ್ಟಲೆ ಜೋಡಿಸಿದರೆ ಒಂದು ಬಡ ದೇಶ ಆಗುತ್ತದೆ ಎಂಬುದು ನನ್ನ ಅನುಮಾನ.

ಜಪಾನಿನ ಮಾತು ತೆಗೆದದ್ದು ಅವರೇ ಆದ್ದರಿಂದ ಅದನ್ನೂ ಹೇಳಬೇಕು. ನಮ್ಮ ಮುದ್ದೇನಹಳ್ಳಿಯ ಸರ್ ಎಂ.ವಿ. 1898ರಲ್ಲೇ ಜಪಾನ್ ನೋಡಿ ಬಂದರು. ಕಾರ್ಖಾನೆ, ಶಾಲೆ, ಶಿಸ್ತು ಅಂತ ನಮಗೆ ಆ ಕತೆ ಗೊತ್ತು. ಅದಕ್ಕೆ ಕಾಲು ಶತಮಾನ ಮುಂಚೆ ಅಲ್ಲಿ ಇನ್ನೊಂದು ಕೆಲಸ ನಡೆದಿತ್ತು. 1872ರಿಂದ ಸರ್ಕಾರ ಪ್ರತಿ ತುಂಡು ಭೂಮಿಗೂ ಒಡೆಯನ ಹೆಸರು, ಅಳತೆ, ಬೆಲೆ ಬರೆದ ಪತ್ರ ಕೊಡತೊಡಗಿತು. 1873ರಲ್ಲಿ ಕಂದಾಯವನ್ನು ಭತ್ತದ ಬದಲು ಹಣದಲ್ಲಿ, ಭೂಮಿಯ ಬೆಲೆಯ ನೂರಕ್ಕೆ ಮೂರರಂತೆ ಗೊತ್ತುಮಾಡಿತು. ಆ ಪತ್ರ ಮಾರಬಹುದು, ಅಡವಿಡಬಹುದು. ಊರಿಗೆಲ್ಲ ಗೊತ್ತಿದ್ದದ್ದು ಟೋಕಿಯೋಗೂ ಗೊತ್ತಾಯಿತು.

ಇಲ್ಲಿಗೆ ನಿಲ್ಲಿಸಿದರೆ ನಾನು ಒಳ್ಳೆಯ ವಕೀಲನಲ್ಲ. ಅಡವಿಡಲು ಬಂದ ಭೂಮಿ ಕಳೆದುಕೊಳ್ಳಲೂ ಬರುತ್ತದೆ. ಬೆಲೆ ಕುಸಿದ ವರ್ಷಗಳಲ್ಲಿ ಅಲ್ಲಿನ ರೈತರ ಹೊಲ ಸಾಹುಕಾರರ ಪಾಲಾಯಿತು. ಎರಡನೇ ಮಹಾಯುದ್ಧದ ಹೊತ್ತಿಗೆ ಸಾಗುವಳಿ ಭೂಮಿಯ ಹತ್ತಿರ ಹತ್ತಿರ ಅರ್ಧ ಗೇಣಿಯಲ್ಲಿತ್ತು. ಯುದ್ಧ ಮುಗಿದ ಮೇಲೆ, 1946ರಿಂದ, ಸರ್ಕಾರವೇ ಧಣಿಗಳಿಂದ ಭೂಮಿ ಕೊಂಡು ಗೇಣಿದಾರರಿಗೆ ಮಾರಬೇಕಾಯಿತು. ನಮ್ಮಲ್ಲಿ 1974ರಲ್ಲಿ ಗೇಣಿ ರದ್ದಾಯಿತಲ್ಲ, ಗೇಣಿದಾರರು ಫಾರಂ ಏಳರ ಅರ್ಜಿ ಹಾಕಿ ಫಾರಂ ಹತ್ತರ ಹಕ್ಕುಪತ್ರ ಪಡೆದದ್ದು, ಅದರ ಅಣ್ಣ ಎನ್ನಿ. ಹಾಗಾಗಿ ಕಾಗದ ಮಾಡಿಸಿಕೊಳ್ಳಿ ಎನ್ನುವ ನಾನೇ, ದೇವನಹಳ್ಳಿ ಕಡೆಯಿಂದ ಬರುವ ಬ್ರೋಕರ್‌ಗೆ ಜಿಪಿಎ, ಅಂದರೆ ನಿಮ್ಮ ಪರವಾಗಿ ವ್ಯವಹರಿಸುವ ಅಧಿಕಾರಪತ್ರ, ಬರೆದುಕೊಡುವ ಮುಂಚೆ ಒಂದು ರಾತ್ರಿ ಮಲಗಿ ಯೋಚಿಸಿ ಎಂದೂ ಹೇಳುತ್ತೇನೆ.

ಚೀನಾದ ಕತೆಯೊಂದು ಇದಕ್ಕೆ ಪೂರ್ತಿ ಹೊಂದುವುದಿಲ್ಲ, ಆದರೂ ಹೇಳದೆ ಇರಲಾರೆ. 1978ರ ಚಳಿಗಾಲ, ಆನ್‌ಹುಯಿ ಪ್ರಾಂತ್ಯದ ಶಿಯಾವ್‌ಗಾಂಗ್ ಎಂಬ ಹಳ್ಳಿ. ಭೂಮಿಯೆಲ್ಲ ಸಾಮೂಹಿಕ, ಬೆಳೆದದ್ದು ಯಾರದೂ ಅಲ್ಲ, ಹೊಟ್ಟೆಗಿಲ್ಲ. ಹದಿನೆಂಟು ಮನೆಯವರು ರಾತ್ರಿ ಸೇರಿ ಒಂದು ಕರಾರು ಬರೆದರು: ಹೊಲ ಹಂಚಿಕೊಳ್ಳೋಣ, ಸರ್ಕಾರದ ಪಾಲು ಕೊಟ್ಟು ಮಿಕ್ಕಿದ್ದು ಅವರವರದು, ಇದಕ್ಕಾಗಿ ಯಾರನ್ನಾದರೂ ಜೈಲಿಗೆ ಹಾಕಿದರೆ ಅವರ ಮಕ್ಕಳನ್ನು ಹದಿನೆಂಟು ತುಂಬುವ ತನಕ ಉಳಿದವರು ಸಾಕಬೇಕು. ಕೆಂಪು ಶಾಯಿಯ ಹೆಬ್ಬೆಟ್ಟು. ನನ್ನ ಕಸುಬಿನ ಲೆಕ್ಕದಲ್ಲಿ ಅದು ಅನೂರ್ಜಿತ ಕರಾರು, ಕಾನೂನಿಗೆ ವಿರುದ್ಧ, ಛಾಪಾ ಶುಲ್ಕ ಇಲ್ಲ, ನೋಂದಣಿ ಇಲ್ಲ. ಮರುವರ್ಷ ಫಸಲು ಹಲವು ಪಟ್ಟು ಬಂತು. ಆಮೇಲೆ ಸರ್ಕಾರವೇ ಆ ಪದ್ಧತಿಯನ್ನು ದೇಶಕ್ಕೆಲ್ಲ ಹರಡಿತು. ಭೂಮಿಯ ಒಡೆತನ ಅಲ್ಲಿ ಇವತ್ತಿಗೂ ರೈತನದಲ್ಲ. ಬೆಳೆದದ್ದನ್ನು ಯಾರೂ ಕಿತ್ತುಕೊಳ್ಳುವುದಿಲ್ಲ ಎಂಬ ಭರವಸೆಯಷ್ಟೇ ಸಿಕ್ಕಿದ್ದು.

ಪತ್ರ ಕೈಗೆ ಬಂದೊಡನೆ ಎಲ್ಲರೂ ಸಾಹುಕಾರರಾಗುತ್ತಾರೆಂದೂ ನಾನು ಹೇಳುತ್ತಿಲ್ಲ. ಪೆರುವಿನಲ್ಲಿ 1996ರಿಂದ ಕೆಲವೇ ವರ್ಷಗಳಲ್ಲಿ ಪಟ್ಟಣದ 12 ಲಕ್ಷ ಮನೆಗಳಿಗೆ ಹಕ್ಕುಪತ್ರ ಕೊಟ್ಟರು. ಖಾಸಗಿ ಬ್ಯಾಂಕುಗಳ ಸಾಲ ಅಂದುಕೊಂಡಷ್ಟು ಹರಿಯಲಿಲ್ಲ. ಆದರೆ ಯಾರೂ ಎಣಿಸದ ಇನ್ನೊಂದಾಯಿತು: ಜನ ಹೊರಗೆ ಹೋಗಿ ಹೆಚ್ಚು ಹೊತ್ತು ದುಡಿಯತೊಡಗಿದರು. ಮನೆ ಕಾಯಲು ಒಬ್ಬರು ಕೂತಿರಬೇಕಾಗಿರಲಿಲ್ಲ. ಇದನ್ನು ಓದಿದಾಗ ನಗು ಬಂತು. ಬದು ಒತ್ತುವ ದಾಯಾದಿಯನ್ನು ಕಾಯುವುದಕ್ಕೆಂದೇ ಬೆಂಗಳೂರಿನ ಕೆಲಸ ಬಿಟ್ಟು ಊರಲ್ಲಿ ಕೂತ ಗಂಡಸರು ನನ್ನ ಕಕ್ಷಿದಾರರಲ್ಲೇ ನಾಲ್ಕು ಜನ ಇದ್ದಾರೆ.

ನಮ್ಮ ವ್ಯವಸ್ಥೆ ಸರಿಯಾಗಿದೆಯೇ? ಇಲ್ಲ. ಪಹಣಿ ಮಾಲೀಕತ್ವದ ಪತ್ರವಲ್ಲ. 1964ರ ಭೂಕಂದಾಯ ಕಾಯ್ದೆಯ 133ನೇ ಕಲಂ ಪ್ರಕಾರ, ತಪ್ಪೆಂದು ಸಾಬೀತಾಗುವ ತನಕ ಅದರ ನಮೂದನ್ನು ಸರಿಯೆಂದು ಭಾವಿಸಬೇಕು, ಅಷ್ಟೇ. ಸಬ್ ರಿಜಿಸ್ಟ್ರಾರ್ ನೋಂದಾಯಿಸುವುದು ಪತ್ರವನ್ನು, ಹಕ್ಕನ್ನಲ್ಲ. 1858ರಲ್ಲೇ ದಕ್ಷಿಣ ಆಸ್ಟ್ರೇಲಿಯಾದಲ್ಲಿ ಟಾರೆನ್ಸ್ ಎಂಬಾತ ತಂದ ಪದ್ಧತಿಯಲ್ಲಿ ಹಕ್ಕಿಗೆ ಸರ್ಕಾರವೇ ಜವಾಬು. ನಮಗೆ ಆ ಭಾಗ್ಯವಿಲ್ಲ, ಅದಕ್ಕೇ ನನ್ನಂಥವರ ಹೊಟ್ಟೆ ತುಂಬುತ್ತಿದೆ. ಆದರೂ 2000ದ ಸುಮಾರಿಗೆ ಭೂಮಿ ಯೋಜನೆಯಲ್ಲಿ ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ್ದು ಸಣ್ಣ ಕೆಲಸವಲ್ಲ. ಶಾನುಭೋಗರ ಕೈಬರಹ ಓದಿ ಕಣ್ಣು ಕಳಕೊಂಡವನಿಗೆ ಅದರ ಬೆಲೆ ಗೊತ್ತು. ಈಚೆಗೆ ಸರ್ಕಾರ ಪೌತಿ ಖಾತೆಗೆಂದೇ ಆಂದೋಲನ ಮಾಡಿ ಮನೆ ಬಾಗಿಲಿಗೆ ಬರುತ್ತಿದೆ. ಜಮೀನು ಅಳೆದು ಬೇರ್ಪಡಿಸುವ ಪೋಡಿಗೆ, ಭಾಗ ಮಾಡಿದ ತುಂಡಿನ 11ಇ ನಕ್ಷೆಗೆ ಅರ್ಜಿ ಹಾಕಿ ಚಪ್ಪಲಿ ಸವೆಸಿದವರ ಸಿಟ್ಟೂ ನ್ಯಾಯವೇ. ನನ್ನ ಸ್ವಂತ ಹದಿನೆಂಟು ಗುಂಟೆಯ ಪೋಡಿಗೆ ಒಂದು ಕಚೇರಿಯಲ್ಲಿ ಮೂರು ವರ್ಷ ಅಲೆದಿದ್ದೇನೆ.

ಆದರೆ ಬಾಗೇಪಲ್ಲಿಯವರ ಕಡತ ನಿಂತದ್ದು ಕಚೇರಿಯ ದೆಸೆಯಿಂದಲ್ಲ. ಎರಡನೇ ಟೀ ಹೊತ್ತಿಗೆ ನಿಜ ಹೊರಬಂತು. ಪೌತಿ ಖಾತೆಗೆ ವಂಶವೃಕ್ಷ ಬೇಕು, ವಂಶವೃಕ್ಷ ಬರೆದರೆ ಮೂವರು ಅತ್ತೆಯರ ಹೆಸರು ಬರುತ್ತದೆ. "ಅವರಿಗೆ ಮದುವೇಲಿ ಎಲ್ಲಾ ಕೊಟ್ಟಾಗಿದೆ ಸಾರ್" ಅಂದರು. ತಾತನ ಪಾಲಿಗೆ ಹೆಣ್ಣುಮಕ್ಕಳು ಮೊದಲಿಂದಲೂ ವಾರಸುದಾರರೇ ಎಂದೆ. ಅವರಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳ ಸಮ ಪಾಲು ಕೊಟ್ಟ 2005ರ ತಿದ್ದುಪಡಿ ಏನು, ಅದನ್ನು ಬಿಡಿಸಿ ಹೇಳಿದ 2020ರ ಸುಪ್ರೀಂ ಕೋರ್ಟ್ ತೀರ್ಪು ಏನು, ಯಾವುದು ನಿಮಗೆ ಹತ್ತುತ್ತದೆ ಯಾವುದು ಇಲ್ಲ ಎಂಬುದು ಕಾಗದ ಪೂರ್ತಿ ನೋಡದೆ ಹೇಳಲಾಗದು ಎಂದೆ. ಒಂದು ಮಾತು ಮಾತ್ರ ಖಚಿತವಾಗಿ ಹೇಳಿದೆ: ಅವರನ್ನು ಬಿಟ್ಟು ವಂಶವೃಕ್ಷ ಬರೆಸಬೇಡಿ, ಹೋಗಿ ಮಾತಾಡಿ.

ಹೋದ ವಾರ ದೊಡ್ಡತ್ತೆಯನ್ನು ಕರೆದುಕೊಂಡು ಬಂದರು. ಹಿಂದೂಪುರದಿಂದ ಬಸ್ಸಿನಲ್ಲಿ ಬಂದಿದ್ದರು, ಎಪ್ಪತ್ತೈದರ ಮೇಲೆ ವಯಸ್ಸು, ಕನ್ನಡ ಓದಲು ಬಾರದು. ಪಹಣಿಯಲ್ಲಿ ನಾಯನ, ಅಂದರೆ ಅಪ್ಪನ, ಹೆಸರು ಎಲ್ಲಿದೆ ತೋರಿಸಿ ಅಂದರು. ಒಂಬತ್ತನೇ ಕಾಲಂ ತೋರಿಸಿದೆ. ಅದರ ಮೇಲೆ ಬೆರಳಿಟ್ಟುಕೊಂಡು ಸ್ವಲ್ಪ ಹೊತ್ತು ಕೂತರು. ಹಕ್ಕು ಬಿಡುವುದೋ ಪಾಲು ಕೇಳುವುದೋ ಇನ್ನೂ ಹೇಳಿಲ್ಲ, ನಾನೂ ಒತ್ತಾಯಿಸಲಿಲ್ಲ.

ತೊಡಕು ಬೇರೆಯದಿತ್ತು. ತಾತನ ಮರಣವನ್ನು ಯಾರೂ ನೋಂದಾಯಿಸಿಲ್ಲ. ಈಗ ನೋಂದಾಯಿಸಲು ಆದೇಶ ಮಾಡಿಸಬೇಕಾದರೆ ಸತ್ತ ದಿನಾಂಕ ಬೇಕು. ಬಾಗೇಪಲ್ಲಿಯವರು ಊರಿನ ಹಿರಿಯರನ್ನೆಲ್ಲ ಕೇಳಿದ್ದಾರೆ, ಒಬ್ಬೊಬ್ಬರು ಒಂದೊಂದು ವರ್ಷ ಹೇಳಿದ್ದಾರೆ. ಸತ್ತದ್ದು ಊರಿಗೆಲ್ಲ ಗೊತ್ತು, ಯಾವತ್ತು ಸತ್ತರೆಂದು ಯಾರಿಗೂ ಗೊತ್ತಿಲ್ಲ. ದೊಡ್ಡತ್ತೆ ಮಾತ್ರ ತಡವರಿಸದೆ ಹೇಳಿದರು: ಶಿವರಾತ್ರಿ ಜಾಗರಣೆಯ ಮಾರನೇ ಬೆಳಗ್ಗೆ, ನನ್ನ ಎರಡನೇ ಮಗ ಹೊಟ್ಟೆಯಲ್ಲಿದ್ದಾಗ. ಆ ಮಗನ ಶಾಲೆಯ ಟಿ.ಸಿ. ಹುಡುಕಿ ತರುತ್ತೇನೆ ಎಂದು ಹೇಳಿ ನಾಲ್ಕರ ಬಸ್ಸಿಗೆ ಹೋದರು.