ಹಳದಿಯ ಮರೆಯಲ್ಲಿ ಅಡಗಿದ ನೇರಳೆ

ನೀಲಿ ಗ್ಯಾಸ್ ಉರಿಗೆ ಒಂದೆರಡು ಹರಳು ಉಪ್ಪು ಬಿದ್ದರೆ ಸಾಕು, ಜ್ವಾಲೆ ತಟ್ಟನೆ ದಟ್ಟ ಹಳದಿಯಾಗುತ್ತದೆ. ಅದು ಸೋಡಿಯಂ ಬಣ್ಣ. ಪೊಟ್ಯಾಸಿಯಂ ಲವಣವಾದರೆ ತೆಳು ನೇರಳೆ. ಎರಡನ್ನೂ ಬೆರೆಸಿ ಹಾಕಿದರೆ? ಬರೀ ಹಳದಿ. ನೇರಳೆ ಅಲ್ಲೇ ಇರುತ್ತದೆ, ಸೋಡಿಯಂ ಅಬ್ಬರದಲ್ಲಿ ನಮ್ಮ ಕಣ್ಣಿಗೆ ಬೀಳುವುದಿಲ್ಲ ಅಷ್ಟೇ.

1859ರ ಸುಮಾರಿಗೆ ಜರ್ಮನಿಯ ವಿಜ್ಞಾನಿಗಳಾದ ಬುನ್ಸೆನ್ ಮತ್ತು ಕಿರ್ಕಾಫ್ ಇಂಥ ಬೆಳಕನ್ನು ಸಣ್ಣ ಸೀಳಿನಲ್ಲಿ ಹಾಯಿಸಿ, ಗಾಜಿನ ಪಟ್ಟಕದಿಂದ ಬಿಡಿಸಿ ನೋಡಿದರು. ಕಂಡದ್ದು ಕಾಮನಬಿಲ್ಲಲ್ಲ, ಬಿಡಿ ಬಿಡಿ ಗೆರೆಗಳು. ಸೋಡಿಯಂನದು 589 ನ್ಯಾನೊಮೀಟರ್ ತರಂಗಾಂತರದ ಹತ್ತಿರ ಅಂಟಿಕೊಂಡಂತಿರುವ ಎರಡು ಹಳದಿ ಗೆರೆ. ಪೊಟ್ಯಾಸಿಯಂ ಗೆರೆಗಳು ಕೆಂಪಿನ ತುದಿಯಲ್ಲೂ ನೇರಳೆಯ ತುದಿಯಲ್ಲೂ ಇವೆ. ಈಗ ಯಾರೂ ಯಾರನ್ನೂ ಮರೆಮಾಡುವಂತಿಲ್ಲ. 1860ರಲ್ಲಿ ಖನಿಜ ನೀರೊಂದರಲ್ಲಿ ಆಗ ಗೊತ್ತಿದ್ದ ಯಾವ ಧಾತುವಿಗೂ ಸೇರದ ಎರಡು ನೀಲಿ ಗೆರೆ ಕಂಡವು. ಅದೇ ಸೀಸಿಯಂ. ಅದರ ಕೆಲವೇ ಗ್ರಾಂ ಲವಣ ಕೈಗೆ ಬರಲು ಸುಮಾರು 40 ಟನ್ ನೀರನ್ನು ಇಂಗಿಸಬೇಕಾಯಿತು! ಅಷ್ಟು ಕಡಿಮೆ ಇದ್ದದ್ದನ್ನು ಬೆಳಕು ಮೊದಲೇ ತೋರಿಸಿಕೊಟ್ಟಿತ್ತು.

ಗೆರೆಗಳೇ ಯಾಕೆ? ಪರಮಾಣುವಿನ ಎಲೆಕ್ಟ್ರಾನ್‌ಗಳು ಮೆಟ್ಟಿಲ ಮೇಲೆ ನಿಂತಂತೆ ಇರುತ್ತವೆ, ಎರಡು ಮೆಟ್ಟಿಲ ನಡುವೆ ನಿಲ್ಲಲಾರವು. ಶಾಖ ತಗುಲಿದಾಗ ಮೇಲಕ್ಕೆ ಹಾರುತ್ತವೆ, ಕ್ಷಣದಲ್ಲೇ ಕೆಳಗಿಳಿಯುತ್ತವೆ. ಇಳಿಯುವಾಗ ಬಿಟ್ಟ ಶಕ್ತಿಯೇ ಬೆಳಕು. ಮೆಟ್ಟಿಲುಗಳ ಅಂತರ ಒಂದೊಂದು ಧಾತುವಿಗೂ ಬೇರೆ. ಹಾಗಾಗಿ ಬೆಳಕಿನ ತರಂಗಾಂತರವೂ ಬೇರೆ.

ಗೆರೆ ಎಲ್ಲಿದೆ ಎನ್ನುವುದು ಧಾತು ಯಾವುದೆಂದು ಹೇಳಿದರೆ, ಎಷ್ಟು ಪ್ರಖರ ಎನ್ನುವುದು ಅದು ಎಷ್ಟಿದೆ ಎಂದು ಹೇಳುತ್ತದೆ. ಪ್ರಮಾಣ ಗೊತ್ತಿರುವ ಮಾದರಿಗಳ ಜೊತೆ ಹೋಲಿಸಿ ಲೆಕ್ಕ ಹಾಕುತ್ತಾರೆ. ಜ್ವಾಲೆಯ ಶಾಖ ಸಾಲದ ಧಾತುಗಳೇ ಜಾಸ್ತಿ. ಅದಕ್ಕೇ ಇಂದಿನ ಲ್ಯಾಬ್‌ಗಳಲ್ಲಿ ಆರ್ಗಾನ್ ಪ್ಲಾಸ್ಮಾ, ಅಂದರೆ ಪರಮಾಣುಗಳಿಂದ ಎಲೆಕ್ಟ್ರಾನ್‌ಗಳು ಬಿಡಿಸಿಕೊಳ್ಳುವಷ್ಟು ಕಾದ ಆರ್ಗಾನ್ ಅನಿಲ, ಇದೆ. ಅದರ ಶಾಖ 6,000 ಕೆಲ್ವಿನ್‌ಗೂ ಮೇಲೆ. ಕುಡಿಯುವ ನೀರನ್ನು ಮಂಜಿನಂತೆ ಅದರೊಳಗೆ ಸಿಂಪಡಿಸಿದರೆ ಹತ್ತಾರು ಧಾತುಗಳ ಲೆಕ್ಕ ಒಟ್ಟಿಗೇ ಸಿಗುತ್ತದೆ.

ನನಗೆ ಹೆಚ್ಚು ಇಷ್ಟವಾಗುವುದು ಉಕ್ಕಿನ ಕಾರ್ಖಾನೆಯ ಬಳಕೆ. ಕರಗಿದ ಉಕ್ಕಿನಿಂದ ಒಂದಿಷ್ಟು ತೆಗೆದು, ಬಿಲ್ಲೆಯಾಗಿ ಗಟ್ಟಿಮಾಡಿ, ಮೇಲ್ಮೈ ಉಜ್ಜಿ, ವಿದ್ಯುತ್ ಕಿಡಿ ಹಾರಿಸುತ್ತಾರೆ. ಬಿಲ್ಲೆಯ ಮೇಲೆ ಸಣ್ಣದೊಂದು ಸುಟ್ಟ ಕಲೆ ಉಳಿಯುತ್ತದೆ. ಅಷ್ಟರಲ್ಲಿ ಇಂಗಾಲ, ಗಂಧಕ, ಮ್ಯಾಂಗನೀಸ್ ಎಷ್ಟೆಂದು ಪರದೆಯ ಮೇಲೆ ಬಂದಿರುತ್ತದೆ. ಇಂಗಾಲದ ಗೆರೆ 193 ನ್ಯಾನೊಮೀಟರ್‌ನಲ್ಲಿದೆ, ಗಾಳಿ ಅದನ್ನು ನುಂಗುತ್ತದೆ. ಅದಕ್ಕಾಗಿ ಕಿಡಿಯ ಸುತ್ತ ಆರ್ಗಾನ್ ತುಂಬಿಸುತ್ತಾರೆ. ಕುಲುಮೆಗೆ ಇನ್ನೇನು ಸೇರಿಸಬೇಕೆಂದು ಆಗಲೇ ತೀರ್ಮಾನವಾಗುತ್ತದೆ. ಎಂಜಿನ್ ಆಯಿಲ್‌ನಲ್ಲಿ ಕಬ್ಬಿಣ, ತಾಮ್ರದ ಗೆರೆ ಏರುತ್ತಿದ್ದರೆ ಒಳಗೆ ಯಾವುದೋ ಭಾಗ ಸವೆಯುತ್ತಿದೆ ಎಂದೂ ಬಿಚ್ಚದೆಯೇ ಗೊತ್ತಾಗುತ್ತದೆ.

ಕಿಡಿಯ ಬದಲು ಲೇಸರ್ ಹೊಡೆದರೆ ದೂರದಿಂದಲೂ ಈ ಕೆಲಸ ಆಗುತ್ತದೆ. 2023ರಲ್ಲಿ ಪ್ರಜ್ಞಾನ್ ರೋವರ್ ಚಂದ್ರನ ಮಣ್ಣಿನಲ್ಲಿ ಗಂಧಕ ಪತ್ತೆ ಮಾಡಿದ್ದು ಹೀಗೆ. ಮಂಗಳನ ಮೇಲೆ ಕ್ಯೂರಿಯಾಸಿಟಿ ರೋವರ್ 7 ಮೀಟರ್ ದೂರದ ಬಂಡೆಗೂ ಲೇಸರ್ ಹಾಯಿಸುತ್ತದೆ. ಬಂಡೆಯ ಮೇಲೆ ಒಂದು ಚುಕ್ಕೆಯಷ್ಟು ಜಾಗ ಪ್ಲಾಸ್ಮಾ ಆಗಿ ಮಿಂಚುತ್ತದೆ, ದೂರದರ್ಶಕ ಆ ಬೆಳಕನ್ನು ಹಿಡಿಯುತ್ತದೆ. ಅದನ್ನು ಬಿಡಿಸಿದಾಗ ಅಲ್ಲೂ 589ರ ಹತ್ತಿರ ಸೋಡಿಯಂನ ಅದೇ ಜೋಡಿ ಗೆರೆ.