ತೆಗೆದ ಗಡ್ಡೆ ಮತ್ತೆ ಎಲ್ಲಿಂದ ಬಂತು?

"ಎಲ್ಲಾ ತಗದೇವಿ ಅಂದಿದ್ರಲ್ಲೋ, ಮತ್ತ ಎಲ್ಲಿಂದ ಬಂತು?"

ನರಗುಂದದ ಕಡೆಯ ನಮ್ಮ ಕಾಕಾ ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಹುಬ್ಬಳ್ಳಿಯಲ್ಲಿ ಆಪರೇಷನ್ ಮಾಡಿಸಿಕೊಂಡು ಎರಡು ವರ್ಷ ಆರಾಮಿದ್ದರು. ಆಮೇಲೆ ಲಿವರ್‌ನಲ್ಲಿ ಗಡ್ಡೆ ಕಾಣಿಸಿತು. ಎರೆಹೊಲದ ಜೇಕಿನ ಜತೆ ಜೀವಮಾನವಿಡೀ ಗುದ್ದಾಡಿದವರು ಅವರು. ಮೇಲಿನ ಹುಲ್ಲು ಕಿತ್ತರೂ ಮಣ್ಣೊಳಗಿನ ಗಡ್ಡೆ ಮತ್ತೆ ಚಿಗುರುತ್ತದೆಂದು ಅವರಿಗೆ ಯಾರೂ ಹೇಳಬೇಕಿಲ್ಲ. ವಿಜ್ಞಾನಿಗಳೂ ಬಹಳ ಕಾಲ ಕ್ಯಾನ್ಸರನ್ನು ಹೆಚ್ಚುಕಡಿಮೆ ಹೀಗೆಯೇ ನೋಡಿದರು.

ಕರುಳಿನ ಒಳಪದರ ಮೂರರಿಂದ ಐದು ದಿನಗಳಲ್ಲಿ ಪೂರ್ತಿ ಹೊಸದಾಗುತ್ತದೆ. ಅದರ ತುಂಬ ಕಣ್ಣಿಗೆ ಕಾಣದ ಕುಳಿಗಳು. ಕುಳಿಯ ತಳದಲ್ಲಿ ಹೊಸ ಕೋಶ ಹುಟ್ಟಿಸುವ ಕಾಂಡಕೋಶಗಳು (ಸ್ಟೆಮ್ ಸೆಲ್) ವಿಭಜನೆಯಾಗುತ್ತವೆ, ಮರಿಕೋಶಗಳು ಮೇಲೇರಿ, ಕೆಲಸ ಮಾಡಿ, ಉದುರುತ್ತವೆ. ಆ ಕಾಂಡಕೋಶಗಳು ಯಾವುವು ಎಂದರೆ, 1974ರಲ್ಲೇ ಚೆಂಗ್ ಮತ್ತು ಲೆಬ್ಲಾಂಡ್ ಎಂಬ ವಿಜ್ಞಾನಿಗಳು ತಳದ ತೆಳು ಕೋಶಗಳತ್ತ ಬೆರಳು ತೋರಿಸಿದ್ದರು. 2007ರಲ್ಲಿ ನೆದರ್ಲೆಂಡ್ಸಿನ ಹಾನ್ಸ್ ಕ್ಲೆವರ್ಸ್ ತಂಡ ಆ ಕೋಶಗಳಲ್ಲಿರುವ ಎಲ್‌ಜಿಆರ್5 ಎಂಬ ಪ್ರೋಟೀನಿನ ಗುರುತು ಹಿಡಿದು, ಇಲಿಗಳಲ್ಲಿ ಅದನ್ನು ಖಚಿತಪಡಿಸಿತು. ಅದೇ ವರ್ಷ ಕೆನಡಾ ಮತ್ತು ಇಟಲಿಯ ಎರಡು ತಂಡಗಳು, ಮನುಷ್ಯರ ಕರುಳಿನ ಗಡ್ಡೆಯಲ್ಲೂ ಕೆಲವು ಕೋಶಗಳಿಗಷ್ಟೇ ಇಲಿಯೊಳಗೆ ಹೊಸ ಗಡ್ಡೆ ಬೆಳೆಸುವ ಶಕ್ತಿಯಿದೆ ಎಂದವು.

ನನ್ನನ್ನು ಹಿಡಿದಿಟ್ಟದ್ದು ವಿಭಜನೆಯ ಬಗೆ. ಕಾಂಡಕೋಶ ಎರಡಾದಾಗ ಒಂದು ತಾಯಿಯಂತೆ ಉಳಿದು, ಇನ್ನೊಂದು ಕೆಲಸದ ಕೋಶವಾಗಬಹುದು. ಎರಡೂ ತಾಯಿಯಂತೆಯೇ ಉಳಿಯಬಹುದು. ಎರಡೂ ಕೆಲಸಕ್ಕೆ ಹೊರಡಬಹುದು. ಆರೋಗ್ಯವಂತ ಕರುಳಿನಲ್ಲಿ ಒಟ್ಟು ಲೆಕ್ಕ ಸರಿಹೊಂದುತ್ತದೆ: ಕುಳಿಯ ತಳದಲ್ಲಿ ಜಾಗ ಇದ್ದಷ್ಟೇ ತಾಯಂದಿರು. ಕ್ಯಾನ್ಸರ್‌ನಲ್ಲಿ ಈ ಲೆಕ್ಕವೇ ಕೆಡುತ್ತದೆ. ನಿಧಾನವಾಗಿ ವಿಭಜನೆಯಾಗುವ ಕೆಲವು ಕೋಶಗಳು, ಬಿರುಸಿನಿಂದ ಬೆಳೆಯುವ ಕೋಶಗಳನ್ನು ಹೊಡೆಯುವ ಕೀಮೋದಿಂದ ತಪ್ಪಿಸಿಕೊಳ್ಳಲೂಬಹುದು.

ಹಾಗಾದರೆ ತಾಯಿಕೋಶಗಳನ್ನೇ ಕೊಂದರೆ ಮುಗಿಯಿತಲ್ಲ? 2017ರಲ್ಲಿ ಅಮೆರಿಕದ ಒಂದು ತಂಡ ಇಲಿಗಳಲ್ಲಿ ಹಾಗೆಯೇ ಮಾಡಿತು. ಕರುಳಿನ ಗಡ್ಡೆ ಕರಗಲಿಲ್ಲ. ಉಳಿದ ಕೋಶಗಳು ಅದನ್ನು ಕಾಪಾಡಿಕೊಂಡವು. ಕೊಲ್ಲುವುದನ್ನು ನಿಲ್ಲಿಸಿದೊಡನೆ ಆ ಉಳಿದ ಕೋಶಗಳಿಂದಲೇ ಎಲ್‌ಜಿಆರ್5 ಇರುವ ತಾಯಿಕೋಶಗಳು ಮತ್ತೆ ಹುಟ್ಟಿದವು. ಜೇಕಿನ ಹೋಲಿಕೆ ಇಲ್ಲಿಗೆ ಸಾಲದು. ಆದರೆ ಲಿವರ್‌ಗೆ ಹರಡಿದ ಗಡ್ಡೆಯ ಕಥೆ ಬೇರೆ: ಅಲ್ಲಿ ಬೇರೂರಲು, ಉಳಿಯಲು ಅದಕ್ಕೆ ಈ ತಾಯಿಕೋಶಗಳು ಬೇಕೇಬೇಕಿದ್ದವು.

ಇದನ್ನೆಲ್ಲ ಕಾಕಾಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಹಂಗಾರ ಎಲಿನೂ ಗಡ್ಡಿ ಆಗತೈತೇನು?"

ಹೌದು ಕಾಕಾ, ಆಗತೈತಿ.